ಅಣ್ಣ ಕೂತಿದ್ದ ಮೂಲೆ

ನಮ್ಮೂರಿನವರು ಕೂತಲ್ಲೇ ಕೂರುವವರಲ್ಲ. ಇಲ್ಲಿ ಗಾಳಿ ಬೀಸುವುದಿಲ್ಲ. ಬಿಸಿಯನ್ನು ಎಲ್ಲಿ ಬಿಟ್ಟರೆ ಅದು ಅಲ್ಲೇ ನಿಂತಿರುತ್ತದೆ. ಒಂದು ಜಾಗದಲ್ಲಿ ಸ್ವಲ್ಪ ಹೊತ್ತು ಕೂತರೆ ನಮ್ಮ ಮೈಯ ಬಿಸಿಯೇ ಕಂಬಳಿಯ ಹಾಗೆ ನಮ್ಮನ್ನು ಸುತ್ತಿಕೊಳ್ಳತೊಡಗುತ್ತದೆ. ಆಗ ಎದ್ದು ಪಕ್ಕಕ್ಕೆ ಸರಿಯಬೇಕು, ಅಲ್ಲಿಯೂ ಕಾಯ್ದರೆ ಇನ್ನೊಂದು ಪಕ್ಕಕ್ಕೆ. ಶಾಲೆಯಲ್ಲಿ ಪಾಠದ ನಡುವೆಯೇ ಮಕ್ಕಳು ಬೆಂಚು ಬದಲಿಸುತ್ತಾರೆ. ಕ್ಷೌರದಂಗಡಿಯಲ್ಲಿ ಅರ್ಧ ಗಡ್ಡ ಬೋಳಿಸಿಕೊಂಡವರು ಎದ್ದು ಬೀದಿಯಲ್ಲಿ ಒಂದು ಸುತ್ತು ಹಾಕಿ ಬಂದು ಉಳಿದರ್ಧಕ್ಕೆ ಮುಖ ಒಡ್ಡುತ್ತಾರೆ. ಮದುವೆಯಲ್ಲಿ ವಧುವರರ ಮಣೆಗಳನ್ನು ಎಷ್ಟು ಸಲ ಎತ್ತಿಡುತ್ತಾರೆಂದರೆ ಹಂದರದ ಈ ತುದಿಯಲ್ಲಿ ಶುರುವಾದ ಮದುವೆ ಆ ತುದಿಯಲ್ಲಿ ಮುಗಿಯುತ್ತದೆ. ಹೊರಗಿನಿಂದ ಬಂದವರು, ಇವರೇಕೆ ಹೀಗೆ ಚಡಪಡಿಸುತ್ತಾರೆ ಎಂದು ನಗುತ್ತಾರೆ. ಒಂದು ವಾರ ಇದ್ದರೆ ಅವರೂ ಚಡಪಡಿಸುತ್ತಾರೆ.

ಹರಿಯುವ ನೀರಿನ ಜೊತೆ ಮಾತ್ರ ಬಿಸಿ ಊರು ಬಿಟ್ಟು ಹೋಗುತ್ತದೆ. ಅದಕ್ಕೇ ನಮ್ಮಲ್ಲಿ ಎಷ್ಟು ಚಿಕ್ಕ ಓಣಿಯಾದರೂ ಗಟಾರು ಚೊಕ್ಕವಾಗಿರುತ್ತದೆ, ಎಲ್ಲ ಗಟಾರುಗಳೂ ಊರಾಚೆಯ ಹಳ್ಳಕ್ಕೆ ಹೋಗಿ ಸೇರುತ್ತವೆ. ನೀರು ತಾಗದ ಕಡೆ ಬಿಸಿ ವರ್ಷಗಟ್ಟಲೆ ಉಳಿಯುತ್ತದೆ. ಕಮ್ಮಾರಸಾಲೆ ಮುಚ್ಚಿ ಎಷ್ಟೋ ಕಾಲವಾಯಿತು, ಆ ಬಯಲಿನಲ್ಲಿ ಹೆಂಗಸರು ಈಗಲೂ ಹಪ್ಪಳ ಒಣಗಿಸುತ್ತಾರೆ.

ಇಂಥ ಊರಿನಲ್ಲಿ ಎಸಿ ಕೂರಿಸುವುದು ನನ್ನ ಕೆಲಸ. ನನ್ನ ಹೆಸರು ನೀಲಗಂಗಾ. ನಾನು ಕೊಳವೆ ಎಳೆಯುತ್ತೇನೆ, ಬೆಸುಗೆ ಹಾಕುವವನು ದಸ್ತಗೀರಣ್ಣ. ಕೋಣೆಯ ಬಿಸಿಯನ್ನು ಹೀರಿ ತಾಮ್ರದ ಕೊಳವೆಯಲ್ಲಿ ಗ್ಯಾಸಿನ ಜೊತೆ ಆಚೆಗೆ ಸಾಗಿಸುವುದೇನೋ ಸುಲಭ. ಸಾಗಿಸಿದ್ದನ್ನು ಎಲ್ಲಿ ಇಳಿಸುವುದು ಎನ್ನುವುದೇ ತೊಡಕು. ಬೀದಿಗೆ ಬಿಡುವಂತಿಲ್ಲ, ಪುರಸಭೆಯವರು ಯಂತ್ರ ಕಿತ್ತು ಒಯ್ಯುತ್ತಾರೆ. ಹಾಗಾಗಿ ಇಲ್ಲಿಯ ಯಂತ್ರಗಳಿಗೆ ಆಚೆ ಕಡೆ ಫ್ಯಾನು ಇರುವುದಿಲ್ಲ. ಕೊಳವೆಯನ್ನು ಸುರುಳಿ ಸುತ್ತಿ ನೀರಿನ ಹಂಡೆಯೊಳಗೆ ಇಳಿಸುತ್ತೇವೆ. ನೀರು ಕಾಯುತ್ತದೆ, ಕಾಯ್ದ ನೀರನ್ನು ಚೆಲ್ಲಿ ತಣ್ಣೀರು ತುಂಬಬೇಕು, ಮತ್ತೆ ಕಾಯುತ್ತದೆ, ಮತ್ತೆ ಚೆಲ್ಲಬೇಕು. ಈ ಕೆಲಸವನ್ನು ಯಾರಾದರೂ ಹೊರಬೇಕು. ಬಟ್ಟೆಗೆ ಬಣ್ಣ ಹಾಕುವವರು, ಅಗಸರು, ಖಾನಾವಳಿಯವರು ಖುಷಿಯಿಂದ ಹೊರುತ್ತಾರೆ. ಉಳಿದವರ ಮನೆಯ ಮುಂದೆ ನಿಂತು, ‘ಪಕ್ಕದ ಮನೆಯವರ ಬಿಸಿ ತಗೋತೀರೇನು’ ಎಂದು ಕೇಳುವುದೇ ನನ್ನ ಕೆಲಸದ ದೊಡ್ಡ ಪಾಲು.

ನನ್ನ ಅಣ್ಣ ಫಕೀರೇಶ ಊರಿನವರ ಹಾಗಿರಲಿಲ್ಲ. ಅವನು ಹಾರ್ಮೋನಿಯಂ ದುರಸ್ತಿ ಮಾಡುತ್ತಿದ್ದ. ಬಿಚ್ಚಿದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಹಿತ್ತಾಳೆಯ ಒಂದೊಂದೇ ನಾಲಗೆಯನ್ನು ತಟ್ಟಿ ಕೆರೆದು ಸ್ವರ ಕೂಡಿಸುವ ಕೆಲಸ; ನಡುವೆ ಎದ್ದರೆ ಕಿವಿಯಲ್ಲಿದ್ದ ಸ್ವರ ಹಾರಿಹೋಗುತ್ತದೆ ಎನ್ನುತ್ತಿದ್ದ. ನಡುಮನೆಯ ಕಿಟಕಿಯ ಪಕ್ಕದ ಮೂಲೆಯಲ್ಲಿ ಬೆಳಿಗ್ಗೆ ಕೂತರೆ ಊಟಕ್ಕೇ ಏಳುವುದು. ಬಿಸಿ ಅವನ ಸುತ್ತ ಗೋಡೆಯ ಹಾಗೆ ಬೆಳೆದಿತ್ತು. ಹತ್ತಿರ ಹೋದರೆ ಮುಖಕ್ಕೆ ತಾಗುತ್ತಿತ್ತು. ಅವನು ಮಾತ್ರ ಬನಿಯನ್ನು ತೋಯಿಸಿಕೊಂಡು, ಬೆವರು ಕಣ್ಣಿಗಿಳಿಯದಂತೆ ಹಣೆಗೆ ಪಂಚೆಯ ತುಂಡು ಕಟ್ಟಿಕೊಂಡು ನಗುತ್ತ ಕೂತಿರುತ್ತಿದ್ದ.

ಅವನು ಸತ್ತದ್ದೂ ಅಲ್ಲೇ. ಒಂದು ಮಧ್ಯಾಹ್ನ ಹೆಂಡತಿ ಕಸ್ತೂರಿ ಚಹ ತಂದು ಪಕ್ಕಕ್ಕಿಟ್ಟಳು. ಅವನು ಪೆಟ್ಟಿಗೆಯ ಮೇಲೆ ಗದ್ದ ಊರಿ ಕಣ್ಣು ಮುಚ್ಚಿದ್ದ. ಮೈ ಮುಟ್ಟಿದಳು, ಬಿಸಿಯಾಗಿತ್ತು. ದಣಿದು ಮಲಗಿದ್ದಾನೆ ಎಂದು ಸುಮ್ಮನೆ ಹೊರಟುಹೋದಳು. ಸಂಜೆ ಬಂದಾಗ ಚಹ ಹಾಗೇ ಇತ್ತು, ಅದೂ ತಣ್ಣಗಾಗಿರಲಿಲ್ಲ. ಆಗ ಕೂಸು ಚಂಪಾ ಇನ್ನೂ ತೊಟ್ಟಿಲಲ್ಲಿದ್ದಳು.

ಸತ್ತವರು ಕೂತು ಮಲಗಿದ್ದ ಜಾಗವನ್ನು ಹಸಿ ಬಟ್ಟೆಯಿಂದ ಒರೆಸಿ, ಬಟ್ಟೆಯನ್ನು ಹಳ್ಳದಲ್ಲಿ ಜಾಲಿಸಿ ಬರುವುದು ನಮ್ಮಲ್ಲಿಯ ಪದ್ಧತಿ. ಮಣ್ಣು ಮಾಡಿ ಬಂದವಳೇ ಅವ್ವ ಬಕೆಟ್ಟು ಹಿಡಿದು ಆ ಮೂಲೆಗೆ ಹೋದಳು. ಕಸ್ತೂರಿ ವೈನಿ ಅಡ್ಡ ನಿಂತಳು. “ಒರಸಬ್ಯಾಡ್ರಿ. ನಂಗ ಇಷ್ಟs ಉಳದೈತಿ,” ಎಂದಳು. “ಅವನ್ನ ಹೋಗಾಕ ಬಿಡವಾ, ಹಿಡಕೊಂಡು ಕೂಡಬ್ಯಾಡ,” ಎಂದು ಅವ್ವ ಮುಂದೆ ಸರಿದಳು. ವೈನಿ ಬಕೆಟ್ಟು ಕಸಿದು ಅಂಗಳಕ್ಕೆ ಎಸೆದಳು. ಅವ್ವ ಎಲ್ಲರೆದುರು ಬಾಯಿಗೆ ಬಂದದ್ದು ಅಂದಳು. ಕೂತಲ್ಲಿಂದ ಗಂಡನನ್ನು ಎಬ್ಬಿಸದೆ ಬೇಯಿಸಿ ಕೊಂದವಳು ಎಂದುಬಿಟ್ಟಳು. ಅಂದ ಮಾತನ್ನು ಹಿಂತೆಗೆದುಕೊಳ್ಳಲಿಲ್ಲ. ಗೌಂಡಿಯನ್ನು ಕರೆಸಿ ಮನೆಯ ನಡುವೆ ಗೋಡೆ ಎಬ್ಬಿಸಿದಳು. ಮುಂಬದಿಯ ನಡುಮನೆ, ಅಡುಗೆಮನೆ ವೈನಿಯ ಪಾಲಿಗೆ ಹೋದವು. ಹಿಂದಿನ ಕೋಣೆ, ಬಚ್ಚಲು, ಹಿತ್ತಲು ನಮ್ಮ ಕಡೆ ಉಳಿದವು. ಗಂಡನನ್ನು ಬಿಟ್ಟು ಬಂದಿದ್ದ ನಾನು ಅವ್ವನ ಜೊತೆಗಿದ್ದೆ. ಅವತ್ತಿನಿಂದ ವೈನಿ ಸ್ನಾನಕ್ಕೆ ಸಾರ್ವಜನಿಕ ನಲ್ಲಿಯ ತಡಿಕೆಯ ಮರೆಗೆ ಹೋಗುತ್ತಿದ್ದಳು. ಅವರ ಮನೆಗೆ ಹೋಗಬೇಕೆಂದರೆ ಇಡೀ ಓಣಿ ಸುತ್ತಬೇಕು. ನಾನು ಎರಡು ಹೊತ್ತೂ ಸುತ್ತುತ್ತಿದ್ದೆ. ಅಲ್ಲಿದ್ದರೆ ಅವ್ವ ಒಬ್ಬಳೇ ಎನ್ನಿಸುವುದು, ಇಲ್ಲಿದ್ದರೆ ವೈನಿ ಒಬ್ಬಳೇ ಎನ್ನಿಸುವುದು. ಎರಡೂ ಮನೆಗಳಲ್ಲಿ ನಾನು ನಿಂತೇ ಚಹ ಕುಡಿಯುತ್ತಿದ್ದೆ.

ಆ ಮೂಲೆಗೆ ವೈನಿ ಯಾರನ್ನೂ ಬಿಡುತ್ತಿರಲಿಲ್ಲ, ನನ್ನನ್ನೂ. ಸೀರೆಯ ಪರದೆ ಕಟ್ಟಿದ್ದಳು. ಕೆಲಸ ಮುಗಿದ ಮೇಲೆ ಒಳಗೆ ಹೋಗಿ ಕೂರುತ್ತಿದ್ದಳು. ತೋಯ್ದು ತೊಪ್ಪೆಯಾಗಿ, ಮುಖ ಕೆಂಪೇರಿಸಿಕೊಂಡು ಹೊರಗೆ ಬರುತ್ತಿದ್ದಳು. ನಾನು ಪರದೆಯ ಹತ್ತಿರ ಸುಳಿದಾಡಿ, ಅದರಂಚಿನಿಂದ ಹೊರಬೀಳುವ ಬಿಸಿಗೆ ಕೈಯೊಡ್ಡಬೇಕೆನ್ನಿಸಿದರೂ ಒಡ್ಡದೆ ವಾಪಸಾಗುತ್ತಿದ್ದೆ.

ಚಂಪಾಳಿಗೆ ಮೂರು ತುಂಬುವ ಹೊತ್ತಿಗೆ ವಿಷಯ ತಿಳಿಯಿತು. ಮಗುವಿಗೆ ಬೆವರು ಬರುತ್ತಿರಲಿಲ್ಲ. ಎಷ್ಟೇ ಓಡಾಡಲಿ ಹಣೆ ಒಣಗಿಯೇ ಇರುವುದು, ಕೆನ್ನೆ ಮಾತ್ರ ಕೆಂಡದ ಹಾಗಾಗುವುದು. ಡಾಕ್ಟರಮ್ಮ ಕೂದಲು ಸರಿಸಿ, ಹಲ್ಲು ನೋಡಿ, ಹುಟ್ಟಿನಿಂದ ಬಂದದ್ದು ಎಂದರು. “ಔಷಧ ಇಲ್ಲ. ತಂಪಾಗಿಟ್ಟರೆ ಎಲ್ಲ ಮಕ್ಕಳ ಹಾಗೆ ಬೆಳೀತಾಳೆ. ಮೈ ಕಾಯೋದಕ್ಕೆ ಬಿಟ್ಟರೆ ಉಳಿಯೋದು ಕಷ್ಟ,” ಎಂದು ನೇರವಾಗಿಯೇ ಹೇಳಿದರು. ಕಾಯಬಾರದು ಎಂದರೆ ನಮ್ಮೂರಿನಲ್ಲಿ ಏನು ಮಾಡುವುದು? ಮೂರು ವರ್ಷದ ಮಗು ಸುಮ್ಮನಿದ್ದರೆ ಅದರ ಬಿಸಿ ಅದನ್ನೇ ಸುತ್ತಿಕೊಳ್ಳುತ್ತದೆ, ಓಡಿದರೆ ಒಳಗಿನಿಂದ ಕಾಯುತ್ತದೆ. ವೈನಿ ಹಸಿ ಲಂಗ ತೊಡಿಸುವಳು, ಮಲಗಿದ ಮಗುವನ್ನು ಚಾಪೆಯ ಸಮೇತ ಎಳೆಯುತ್ತ ಕೋಣೆಯೆಲ್ಲ ತಿರುಗಿಸುವಳು. ಅವಳ ಅಂಗೈಗಳಲ್ಲಿ ಚಾಪೆಯಂಚಿನ ಬರೆ ಮೂಡಿತ್ತು.

“ವೈನಿ, ಎಸಿ ಕೂಡ್ರಸೂಣು,” ಎಂದೆ. ಒಡೆದು ಹಾಕುತ್ತಿದ್ದ ಹಳೆಯ ಫೋಟೊ ಸ್ಟುಡಿಯೋದಿಂದ ದಸ್ತಗೀರಣ್ಣ ಒಂದು ಯಂತ್ರವನ್ನು ಇಳಿಸಿ ತಂದು ಇಟ್ಟಿದ್ದ.

ವೈನಿ ಪರದೆಯತ್ತ ನೋಡಿದಳು. “ಅದು ಈ ಕಡೆ ಅಷ್ಟs ತಂಪ ಮಾಡ್ತೈತೇನು? ಆ ಮೂಲಿ ಬಿಟ್ಟು?”

“ಕ್ವಾಣ್ಯಾಗಿನ ಬಿಸಿ ಎಲ್ಲಾ ಜಗ್ಗತೈತಿ ವೈನಿ. ಮೂಲಿ ಬಿಡೂದಿಲ್ಲ.”

“ನಡುವ ಹಲಗಿ ಬಡದ್ರ?”

“ಹಲಗಿಯೂ ಕಾಯ್ತೈತಿ. ಅದನ್ನೂ ಜಗ್ಗತೈತಿ.”

“ಹಂಗಾರ ಬ್ಯಾಡ,” ಎಂದಳು. “ನಾ ನೋಡ್ಕೋತೇನಿ. ಚಾಪಿ ಎಳ್ಯಾಕ ನನ್ನ ಕೈಯಾಗ ಶಕ್ತಿ ಐತಿ.”

ನನಗೆ ಸಿಟ್ಟು ಬಂತು. ಅಂದರೂ ಅಂದೇನು ಎಂದು ಹೊರಗೆ ಬಂದು ಕಟ್ಟೆಯ ಮೇಲೆ ಕೂತೆ, ಎದ್ದೆ, ಬೇರೆ ಕಡೆ ಕೂತೆ, ಮತ್ತೆ ಎದ್ದೆ. ಸತ್ತವನ ಬಿಸಿ ಇಟ್ಟುಕೊಂಡು ಬದುಕಿರುವವಳನ್ನು ಸುಡುತ್ತಾಳಲ್ಲ ಎನ್ನಿಸಿತು. ಮರುಗಳಿಗೆಯೇ, ಆ ಯಂತ್ರವನ್ನು ನಾನೇ ಕೂರಿಸಿ ನಾನೇ ಗುಂಡಿ ಒತ್ತಬೇಕಲ್ಲ ಎಂದು ನೆನಪಾಯಿತು.

ಬೇಸಗೆ ಏರುತ್ತಿದ್ದ ಒಂದು ಮಧ್ಯಾಹ್ನ ನಾನು ಖಾನಾವಳಿಯೊಂದರಲ್ಲಿ ಕೆಲಸದಲ್ಲಿದ್ದೆ. ವೈನಿಯ ಓಣಿಯ ಹೆಂಗಸೊಬ್ಬಳು ಓಡುತ್ತ ಬಂದು ಕೂಗಿದಳು. ನಾನು ಹೋಗುವಷ್ಟರಲ್ಲಿ ಚಂಪಾಳನ್ನು ಸಾರ್ವಜನಿಕ ನಲ್ಲಿಯ ಕೆಳಗೆ ಮಲಗಿಸಿದ್ದರು. ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿತ್ತು, ಕೈಕಾಲು ಸೆಟೆಯುತ್ತಿದ್ದವು. ವೈನಿ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನೀರಿನಲ್ಲೇ ಕೂತಿದ್ದಳು. ಅವಳು ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದಾಗ ಮಗು ಪರದೆ ಸರಿಸಿ ಒಳಗೆ ಹೋಗಿತ್ತಂತೆ. ವೈನಿಯೇ ಹೇಳಿಕೊಟ್ಟಿದ್ದಳು, ಅಲ್ಲಿ ಅಪ್ಪ ಇದ್ದಾನೆ ಅಂತ. ಮಗು ಬೊಂಬೆಯನ್ನು ತಬ್ಬಿಕೊಂಡು ಅಪ್ಪನ ಹತ್ತಿರ ಮಲಗಲು ಹೋಗಿತ್ತು.

ನೀರು ಬಹಳ ಹೊತ್ತು ಬಿದ್ದ ಮೇಲೆ ಚಂಪಾ ಅತ್ತಳು. ಆ ಅಳು ಕೇಳಿ ನಲ್ಲಿಯ ಸುತ್ತ ನಿಂತಿದ್ದ ಹೆಂಗಸರೆಲ್ಲ ಉಸಿರು ಬಿಟ್ಟರು. ವೈನಿ ಅಳಲಿಲ್ಲ. ಒದ್ದೆಮುದ್ದೆಯಾಗಿ ಕೂತಲ್ಲಿಂದಲೇ ನನ್ನತ್ತ ತಲೆಯೆತ್ತಿ, “ಯಾವಾಗ ಕೂಡ್ರಸ್ತೀ?” ಎಂದಳು.

ಕೂರಿಸುವುದೆಂದರೆ ಬಿಸಿಗೆ ಜಾಗ ಬೇಕು. ವೈನಿಯ ಮನೆಯಲ್ಲಿ ಬಚ್ಚಲಿರಲಿಲ್ಲ, ನೀರು ಹೋಗುವ ದಾರಿಯೇ ಇರಲಿಲ್ಲ. ಮುಂದೆ ಬೀದಿ. ಎಡಕ್ಕೆ ಕಾಳಿನ ಗೋದಾಮು. ಬಿಸಿ ತಾಗಿದರೆ ಹುಳು ಬೀಳುತ್ತದೆಂದು ಅವರು ಬಾಗಿಲಲ್ಲೇ ಕೈಮುಗಿದರು. ಬಲಕ್ಕೆ ಬಾಣಂತಿಯ ಮನೆ, ಕೇಳಲೂ ಬಾಯಿ ಬರಲಿಲ್ಲ. ಖಾನಾವಳಿಯವರು ಒಪ್ಪುತ್ತಿದ್ದರು, ಆದರೆ ಅಷ್ಟು ದೂರ ಕೊಳವೆ ಎಳೆದರೆ ಗ್ಯಾಸು ಹೋಗಿ ಮುಟ್ಟುವುದಿಲ್ಲ. ಉಳಿದದ್ದು ಹಿಂದಿನ ಗೋಡೆ ಒಂದೇ. ಅದರಾಚೆ ನಮ್ಮ ಬಚ್ಚಲು.

ಅವ್ವ ಹಿತ್ತಲಲ್ಲಿ ನಿಂತು ಜೋಳ ಹಸನು ಮಾಡುತ್ತಿದ್ದಳು. ವಿಷಯ ಹೇಳಿದೆ. ಮೊರ ತಟ್ಟುವುದನ್ನು ಅವಳು ನಿಲ್ಲಿಸಲಿಲ್ಲ.

“ನನ್ನ ಕೈಲೆ ಆಗೂದಿಲ್ಲ,” ಎಂದಳು.

“ನೀರು ನಾ ಹೊರತೇನಿ ಅವ್ವ. ನಾ ಇಲ್ದಾಗ ಓಣಿಯವರು ಯಾರರ...”

“ನೀರಿಂದಲ್ಲs ಮಾತು.”

“ಹಳೇದ ನೆನಸ್ಕೊಂಡು ಮಗೀ ಮ್ಯಾಲ ಸಿಟ್ಟು ತೀರಸಬ್ಯಾಡವ್ವಾ.”

ಅವ್ವ ಮೊರವನ್ನು ನೆಲಕ್ಕೆ ಕುಕ್ಕಿದಳು. ಜೋಳ ಚೆಲ್ಲಾಡಿತು. “ನಿಂಗ ತಿಳೀತೈತೇನು ಗಂಗಾ? ಅಂವ ನನ್ನ ಹಂಡೇಕ್ಕ ಬರ್ತಾನ. ಆಮ್ಯಾಲ? ಆಮ್ಯಾಲ ನಾ ಅವನ್ನ ಗಟಾರಕ್ಕ ಸುರವಬೇಕು. ಅವತ್ತ ಅಕಿಗೆ ಹೋಗಾಕ ಬಿಡು ಅಂದೆ, ಬಾಯಿಲೆ ಅಂದೆ. ನನ್ನ ಕೈಯಾಗ ಕೊಡ ಕೊಟ್ಟು ಚೆಲ್ಲು ಅಂದ್ರ ಹೆಂಗ ಚೆಲ್ಲಲಿ?”

ಇಷ್ಟು ವರ್ಷ ಅವ್ವನದು ಬರೀ ಹಟ ಎಂದುಕೊಂಡಿದ್ದೆ. ಅವಳು ಬಗ್ಗಿ ಜೋಳದ ಕಾಳುಗಳನ್ನು ಒಂದೊಂದಾಗಿ ಆಯತೊಡಗಿದಳು. ನಾನೂ ಬಗ್ಗಿದೆ. ಬಗ್ಗಿದಲ್ಲಿ ಕಾಯ್ದು, ಇಬ್ಬರೂ ಮುಂದೆ ಮುಂದೆ ಸರಿಯುತ್ತ ಹಿತ್ತಲಿನ ಬೇಲಿಯವರೆಗೂ ಆಯ್ದೆವು. ಅಲ್ಲಿ ಅವ್ವ, “ಮಗೀಗೆ ಈಗ ಹೆಂಗೈತಿ?” ಎಂದು ಕೇಳಿದಳು.

“ಮಲಗೈತಿ. ವೈನಿ ಚಾಪಿ ಎಳಕೊಂತ ಅದಾಳ.”

ಅವ್ವ ಎದ್ದು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಬಚ್ಚಲಿನಿಂದ ಹಂಡೆ ತಿಕ್ಕುವ ಸದ್ದು ಕೇಳಿತು. ಹುಣಸೆಹಣ್ಣು, ಬೂದಿ ಹಾಕಿ ಗಸಗಸ ತಿಕ್ಕುತ್ತಿದ್ದಳು. ನಾನು ಹೋಗಿ ಬಾಗಿಲಲ್ಲಿ ನಿಂತರೂ ತಿರುಗಿ ನೋಡಲಿಲ್ಲ.

ಮರುದಿನ ದಸ್ತಗೀರಣ್ಣ ಸಾಮಾನು ಹೊತ್ತು ಬಂದ. ಮೊದಲು ಗೋಡೆಗೆ ತೂತು. ಗೋಡೆ ಒಂದೇ ಇಟ್ಟಿಗೆಯ ದಪ್ಪ, ಸಿಟ್ಟಿನಲ್ಲಿ ಎಬ್ಬಿಸಿದ್ದು. ಡ್ರಿಲ್ಲು ಕ್ಷಣದಲ್ಲಿ ಆಚೆ ಹೊಕ್ಕಿತು. ಧೂಳು ಅಲ್ಲಲ್ಲೇ ನಿಂತುಕೊಂಡಿತು. ವೈನಿ ಮೊರದಿಂದ ಅದನ್ನು ಬಾಗಿಲಿಗೆ ಅಟ್ಟುತ್ತ ಓಡಾಡಿದಳು. ಧೂಳು ಸರಿದಾಗ ತೂತಿನಲ್ಲಿ ಬಚ್ಚಲಿನ ಬೆಳಕು ಕಾಣಿಸಿತು. ಚಂಪಾ ಹೋಗಿ ಅದಕ್ಕೆ ಕಣ್ಣಿಟ್ಟಳು.

“ಯಾರೋ ಅದಾರ,” ಎಂದಳು.

ಚಂಪಾ ಕೈಯನ್ನು ತೂತಿನೊಳಗೆ ತೂರಿಸಿದಳು, ಮೊಣಕೈವರೆಗೂ. ನಾನು ವೈನಿಯ ಮುಖ ನೋಡಿದೆ. ಅವಳು ಮೊರ ಹಿಡಿದು ನಿಂತೇ ಇದ್ದಳು, ಮಗುವನ್ನು ಎಳೆದುಕೊಳ್ಳಲಿಲ್ಲ.

“ನನ್ನ ಕೈ ಹಿಡದಾರ,” ಎಂದು ಚಂಪಾ ನಕ್ಕಳು.

ಆಗ ಗೋಡೆಯಾಚೆಯಿಂದ ಅವ್ವನ ದನಿ ಬಂತು. ಗಟ್ಟಿಯಾಗಿ, ಯಾರನ್ನೋ ಬಯ್ಯುವ ಹಾಗೆ. “ಏ ಗಂಗಾ! ಮಗೀ ಕೈ ಬೆಂಕಿ ಆಗೇತಿ. ಏನ್ ಗೋಡಿ ನೋಡ್ಕೊಂತ ನಿಂತೀರಿ ಎಲ್ಲಾರೂ? ಲಗೂನ ಮಾಡ್ರಿ!”

ಲಗೂನೆ ಮಾಡುವ ಕೆಲಸ ಅದಲ್ಲ. ತಾಮ್ರದ ಸುರುಳಿಯನ್ನು ನೆಲದ ಮೇಲಿಟ್ಟು, ಒಂದು ತುದಿ ಕಾಲಲ್ಲಿ ಒತ್ತಿ, ಸುರುಳಿಯನ್ನು ಉರುಳಿಸುತ್ತ ಬಿಚ್ಚಬೇಕು. ಎಳೆದು ಬಿಚ್ಚಿದರೆ ನಡುವೆ ಮುರುಟುತ್ತದೆ, ಮುರುಟಿದಲ್ಲಿ ಗ್ಯಾಸು ಸಿಕ್ಕಿಬೀಳುತ್ತದೆ. ಸಣ್ಣ ಕೊಳವೆಯೊಂದು, ದಪ್ಪ ಕೊಳವೆಯೊಂದು. ಕತ್ತರಿಸಿದ ಬಾಯಿಯನ್ನು ಕೆಳಕ್ಕೆ ಹಿಡಿದು ಒಳಗಿನ ಮುಳ್ಳು ಕೆರೆಯಬೇಕು, ತಾಮ್ರದ ಪುಡಿ ಒಳಗಿಳಿಯಬಾರದು. ನಟ್ಟನ್ನು ಮೊದಲು ಪೋಣಿಸಿ ಆಮೇಲೆ ಬಾಯಿ ಅಗಲಿಸಬೇಕು. ಇದೆಲ್ಲ ನನ್ನ ಕೈಗೆ ಊಟ ಮಾಡಿದಷ್ಟು ಸಲೀಸು. ಅವತ್ತು ಮಾತ್ರ ಎರಡು ಸಲ ನಟ್ಟು ಮರೆತು ಬಾಯಿ ಅಗಲಿಸಿದೆ. ಎರಡು ಸಲವೂ ಕತ್ತರಿಸಿ ಬಿಸಾಕಿದೆ. “ತಂಗಿ, ಹೊರಗ ಒಂದು ಸುತ್ತು ಹಾಕ್ಕೊಂಡು ಬಾ,” ಎಂದ ದಸ್ತಗೀರಣ್ಣ. ಸುತ್ತು ಹಾಕಿದೆ. ಓಣಿ ಬಳಸಿ ಬಚ್ಚಲಿಗೆ ಹೋದರೆ ಅವ್ವ ಸೆರಗು ಸಿಕ್ಕಿಸಿಕೊಂಡು ಹಂಡೆಯ ಪಕ್ಕದಲ್ಲಿ ಅತ್ತಿಂದಿತ್ತ ನಡೆಯುತ್ತಿದ್ದಳು. ವಾಪಸು ಬಂದರೆ ವೈನಿ ನಡುಮನೆಯಲ್ಲಿ ಮಗುವನ್ನೆತ್ತಿಕೊಂಡು ನಡೆಯುತ್ತಿದ್ದಳು. ಗೋಡೆಯ ಎರಡು ಬದಿ ಇಬ್ಬರೂ ಒಂದೇ ತಾಳದಲ್ಲಿ ಹೆಜ್ಜೆ ಹಾಕುತ್ತಿದ್ದರು. ನಾನು ನಡುವೆ ಕೊಳವೆ ಹಿಡಿದು ನಿಂತೆ.

ಒಳಗೆ ಸ್ಪ್ರಿಂಗು ತೂರಿಸಿ ಕೊಳವೆಯನ್ನು ಮೊಣಕಾಲಿನ ಮೇಲೆ ಮೆಲ್ಲಗೆ ಬಾಗಿಸಿ, ಕಪ್ಪು ಸ್ಪಂಜಿನ ತೊಗಲು ಹೊದಿಸಿ, ತೂತಿನಲ್ಲಿ ಆಚೆಗೆ ದಾಟಿಸಿದೆವು. ಹಂಡೆಯೊಳಗಿನ ಸುರುಳಿಗೆ ದಸ್ತಗೀರಣ್ಣ ಬೆಸುಗೆ ಹಾಕಿದ. ಆಮೇಲೆ ಪಂಪು ಹಚ್ಚಿ ಕೊಳವೆಯೊಳಗಿನ ಗಾಳಿಯನ್ನೆಲ್ಲ ಹೊರಗೆಳೆದೆವು. ಪಂಪು ಗುಂಯ್‌ಗುಡುತ್ತಿತ್ತು. ಅದು ಮುಗಿಯುವವರೆಗೂ ಮಾಡಲು ಬೇರೆ ಕೆಲಸವಿರಲಿಲ್ಲ.

ವೈನಿ ಚಂಪಾಳನ್ನು ನನ್ನ ಕೈಗೆ ಕೊಟ್ಟಳು. ಮೂಲೆಗೆ ಹೋಗಿ ಪರದೆಯ ಗಂಟು ಬಿಚ್ಚಿ, ಸೀರೆಯನ್ನು ಮಡಚಿ ಕಿಟಕಿಯಲ್ಲಿಟ್ಟಳು. ಅಲ್ಲಿ ಏನೂ ಇರಲಿಲ್ಲ. ಒಂದು ತೆಳ್ಳನೆಯ ಚಾಪೆ, ಗೋಡೆಯ ಮೇಲೆ ಬೆನ್ನು ಒರಗಿದ ಜಿಡ್ಡಿನ ಕಲೆ. ಅವಳು ಚಾಪೆಯ ಮೇಲೆ ಕೂತು ಗೋಡೆಗೆ ಒರಗಿದಳು.

“ಹಚ್ಚು,” ಎಂದಳು.

“ನೀವು ಈ ಕಡೆ ಬರ್ರಿ ವೈನಿ.”

“ನಾ ಇಲ್ಲೆ ಕೂಡತೇನಿ. ನೀ ಹಚ್ಚು.”

ದಸ್ತಗೀರಣ್ಣ ಗ್ಯಾಸಿನ ಬಾಯಿ ತೆರೆದ. ನಾನು ಗುಂಡಿ ಒತ್ತಿದೆ. ಹಳೆಯ ಯಂತ್ರ ಕೆಮ್ಮಿ, ನಡುಗಿ, ಉಸಿರು ಬಿಡತೊಡಗಿತು. ಚಂಪಾ ಬಾಯಿ ತೆರೆದು ಮೇಲೆ ನೋಡಿದಳು. ಅವಳ ಕೆನ್ನೆ ನನ್ನ ಕೆನ್ನೆಗೆ ತಾಗಿತ್ತು; ಅದರ ಉರಿ ಇಳಿಯುವುದು ನನಗೆ ತಿಳಿಯಿತು. ಕುತ್ತಿಗೆ ಸಡಿಲಾಯಿತು, ತಲೆ ನನ್ನ ಹೆಗಲಿಗೆ ಬಿತ್ತು. ಮಗು ಓಡಾಡದೆ, ಯಾರೂ ಚಾಪೆ ಎಳೆಯದೆ, ಒಂದೇ ಕಡೆ ನಿದ್ದೆ ಹೋಯಿತು. ಮಲಗಿಸಿದೆ. ವೈನಿ ಮೂಲೆಯಲ್ಲಿ ಎರಡೂ ಅಂಗೈಗಳನ್ನು ಮುಂದೆ ಚಾಚಿಕೊಂಡು ಕೂತಿದ್ದಳು. ಸೀರೆಯ ಬೆವರು ಆರುತ್ತಿತ್ತು. ತೋಳಿನ ಮೇಲೆ ಮುಳ್ಳು ಏಳುತ್ತಿದ್ದವು. ಅವಳ ಮುಖ ನೋಡಲಾಗದೆ, ಆಚೆಯ ನಟ್ಟುಗಳು ಸೋರುತ್ತಿವೆಯೇ ನೋಡಬೇಕೆಂದು ನೆಪ ಹೇಳಿ ಹೊರಬಿದ್ದೆ.

ಬಚ್ಚಲಲ್ಲಿ ಹಂಡೆಯ ನೀರಿನಿಂದ ಹಬೆ ಏಳುತ್ತಿತ್ತು. ಅವ್ವ ಕಲ್ಲಿನ ಮೇಲೆ ಕೂತಿದ್ದಳು. ಅವಳು ಒಂದು ಕಡೆ ಹಾಗೆ ಅಲ್ಲಾಡದೆ ಕೂತದ್ದನ್ನು ನಾನು ಯಾವತ್ತೂ ಕಂಡಿರಲಿಲ್ಲ. ನಾನು ಸಾಬೂನಿನ ನೊರೆಯನ್ನು ನಟ್ಟುಗಳಿಗೆ ಹಚ್ಚಿದೆ. ಗುಳ್ಳೆ ಏಳಲಿಲ್ಲ. ಕೊಳವೆ ಮಾತ್ರ ಮುಟ್ಟಲಾಗದಷ್ಟು ಕಾಯ್ದಿತ್ತು, ಯಂತ್ರದ ಸದ್ದು ಬಿಗಿಯಾಗುತ್ತಿತ್ತು.

“ಅವ್ವ, ನೀರು ತೆಗೀಬೇಕು. ಇಲ್ದಿದ್ರ ಮಷಿನ್ ನಿಂತ ಬಿಡ್ತೈತಿ.”

“ಇನ್ನ ಒಂದ್ ಗಳಿಗಿ.”

“ನಿಂತ್ರ ಮಗಿ ಮತ್ತ ಕಾಯ್ತೈತಿ ಅವ್ವ.”

ಅವಳು ತಂಬಿಗೆ ತೆಗೆದುಕೊಂಡಳು. ಹಂಡೆಯಲ್ಲಿ ಅದ್ದಿದಳು. ತುಂಬಿದ ತಂಬಿಗೆಯನ್ನು ಎತ್ತಿ ಹಿಡಿದು, ನೀರು ಗಟಾರಿಗೆ ಹೋಗುವ ಕಿಂಡಿಯತ್ತ ನೋಡಿ, ಮತ್ತೆ ಹಂಡೆಗೇ ಸುರಿದಳು. ಇನ್ನೊಂದು ಸಲವೂ ಹಾಗೇ ಮಾಡಿದಳು. ನಾನು ಕೈ ಚಾಚಿದೆ. ಕೊಡಲಿಲ್ಲ.

ಬಾಗಿಲಲ್ಲಿ ನೆರಳು ಬಿತ್ತು. ವೈನಿ ನಿಂತಿದ್ದಳು. ಓಣಿಯನ್ನೆಲ್ಲ ಓಡಿ ಬಂದು ಏದುಸಿರು ಬಿಡುತ್ತಿದ್ದಳು. ಗೋಡೆ ಎಬ್ಬಿಸಿದ ಮೇಲೆ ಅವಳು ನಮ್ಮ ಹೊಸ್ತಿಲು ತುಳಿದಿರಲಿಲ್ಲ.

ಅವ್ವ ತಲೆಯೆತ್ತಿದಳು. “ಮಗಿ ಕೂಡ ಯಾರದಾರ?”

“ದಸ್ತಗೀರಣ್ಣ ಅದಾನ. ಮಲಗ್ಯಾಳ.” ವೈನಿಯ ಕಣ್ಣು ಹಂಡೆಯ ಮೇಲಿತ್ತು. “ಅಲ್ಲೇನೂ ಇಲ್ಲ ಈಗ. ಗೋಡಿ ತಣ್ಣಗಾತು. ಎಲ್ಲಾ ಇಲ್ಲೆ ಬಂತೇನು?”

“ಬಂದೈತಿ.”

ಇಬ್ಬರೂ ಹಬೆಯನ್ನು ನೋಡಿದರು. ಯಂತ್ರ ಒಮ್ಮೆ ನರಳಿತು. ನಾನು ಬಾಯಿ ತೆರೆಯಬೇಕು, ಅಷ್ಟರಲ್ಲಿ ಅವ್ವ ಕಲ್ಲಿನಿಂದ ಎದ್ದು ಪಕ್ಕಕ್ಕೆ ಸರಿದಳು.

“ಬಾ, ಕೂಡು,” ಎಂದಳು. “ತಲಿ ಬಿಚ್ಚು. ಎರಿತೇನಿ.”

ವೈನಿ ಬಂದು ಉಟ್ಟ ಸೀರೆಯಲ್ಲೇ ಕಲ್ಲಿನ ಮೇಲೆ ಕೂತು ತುರುಬು ಬಿಚ್ಚಿದಳು. ಅವ್ವ ಮೊದಲ ತಂಬಿಗೆಯನ್ನು ಅವಳ ನೆತ್ತಿಗೆ ಹೊಯ್ದಳು. ನೀರು ಕೂದಲಲ್ಲಿಳಿದು, ಮುಖದ ಮೇಲೆ ಹರಿದು, ಕಲ್ಲಿನ ಮೇಲೆ ಬಿದ್ದು ಕಿಂಡಿಯ ಕಡೆ ಹೋಯಿತು. ವೈನಿಯ ಗಂಟಲಿನಿಂದ ಒಂದು ದನಿ ಎದ್ದಿತು. ಮೂರು ವರ್ಷ ಅವಳು ಅತ್ತದ್ದನ್ನು ನಾನು ಕಂಡಿರಲಿಲ್ಲ. ಅವ್ವ ಎರೆಯುತ್ತಲೇ ಇದ್ದಳು. “ನಾ ಅಂದದ್ದು ತಪ್ಪಾತು,” ಎಂದಳು, ನೀರಿನ ಸದ್ದಿನ ನಡುವೆ. “ನೀ ಕೊಂದಿಲ್ಲ. ಅಂವ ಯಾರ ಮಾತೂ ಕೇಳವನಲ್ಲ. ಸಣ್ಣಾವ ಇದ್ದಾಗಿಂದ ಕುಂತಲ್ಲೆ ಕೂಡಾಂವ.” ಅರ್ಧ ಹಂಡೆಯಾದ ಮೇಲೆ ವೈನಿ ಎದ್ದು ಅವ್ವನ ಕೈಯಿಂದ ತಂಬಿಗೆ ತೆಗೆದುಕೊಂಡಳು, ಅವ್ವನನ್ನು ಭುಜ ಹಿಡಿದು ಕೂರಿಸಿದಳು.

ಹಂಡೆ ಬರಿದಾಗದಂತೆ ತಣ್ಣೀರು ತುಂಬುವವರು ಬೇಕಿತ್ತು. ನಾನು ಕೊಡ ಹಿಡಿದು ಬಾವಿಗೂ ಬಚ್ಚಲಿಗೂ ಓಡಾಡಿದೆ. ಪ್ರತಿ ಸಲ ಬಂದಾಗಲೂ ನೀರಿನ ಬಿಸಿ ಇಳಿದಿರುತ್ತಿತ್ತು. ನನ್ನನ್ನೂ ಯಾರಾದರೂ ಕರೆಯುತ್ತಾರೆ, ನೀನೂ ಬಾ ಎನ್ನುತ್ತಾರೆ ಎಂದುಕೊಂಡಿದ್ದೆ. ನನಗೂ ಅವನು ಅಣ್ಣನೇ ಅಲ್ಲವೇ. ಅವರು ಕರೆಯಲಿಲ್ಲ, ಅವರಿಗೆ ನಾನು ಅಲ್ಲಿರುವುದೇ ಮರೆತಿತ್ತು. ಕೊನೆಯ ಸಲ ಹಂಡೆಯೊಳಗೆ ಬೆರಳಿಟ್ಟೆ. ಬೆಚ್ಚಗಿತ್ತು, ಆದರೆ ಅದು ಮನೆಯ ಬಿಸಿ, ದೀಪದ ಬಿಸಿ, ಮಲಗಿದ ಮಗುವಿನ ಬಿಸಿ. ಯಾರದಾದರೂ ಆಗಬಹುದಾದ ಬಿಸಿ.

ಕೊಡವನ್ನು ಅಲ್ಲೇ ಇಳಿಸಿ ಹಿತ್ತಲ ಬಾಗಿಲಿನಿಂದ ಹೊರಬಿದ್ದೆ. ಗಟಾರಿನ ಪಕ್ಕ ನಡೆದೆ. ನೀರು ಇನ್ನೂ ಹಬೆಯಾಡುತ್ತ ಹೋಗುತ್ತಿತ್ತು. ಅದು ನಡೆದಷ್ಟು ಜೋರಾಗಿ ನಾನೂ ನಡೆದೆ, ತಿರುವುಗಳಲ್ಲಿ ಓಡಿದೆ. ದಾರಿಯಲ್ಲಿ ಪರಿಚಯದವರು, “ಯಾವ ಮನಿ ಕೆಲಸ ಗಂಗಾ, ಇಷ್ಟ ಅವಸರ?” ಎಂದರು. ಬಣ್ಣಗಾರರ ಓಣಿ ದಾಟಿ, ಕೊನೆಯ ಮನೆ ದಾಟಿ, ಗಟಾರು ಹಳ್ಳಕ್ಕೆ ಬೀಳುವಲ್ಲಿಗೆ ಮುಟ್ಟಿದೆ. ಚಪ್ಪಲಿ ಬಿಟ್ಟು ಇಳಿದು, ನೀರು ಬೀಳುವಲ್ಲೇ ಕಾಲಿಟ್ಟು ನಿಂತೆ. ಪಾದಕ್ಕೆ ಬೆಚ್ಚಗೆ ತಾಗಿತು. ಬಗ್ಗಿ ಬೊಗಸೆಯಲ್ಲಿ ಹಿಡಿದು ಮುಖಕ್ಕೆ ಹಾಕಿಕೊಂಡೆ, ತಲೆಗೆ ಹಾಕಿಕೊಂಡೆ. ಎಷ್ಟು ಹೊತ್ತು ನಿಂತೆನೋ. ನೀರು ತಣ್ಣಗಾದ ಮೇಲೂ, ಇನ್ನೊಂದು ಅಲೆ ಬಂದೀತೇನೋ ಎಂದು ಕಾಯುತ್ತ ನಿಂತಿದ್ದೆ.

ಹಂಡೆಗೆ ನೀರು ತುಂಬುವವರಿಲ್ಲವೆಂದು ಥಟ್ಟನೆ ನೆನಪಾಗಿ, ಚಪ್ಪಲಿ ಕೈಯಲ್ಲೇ ಹಿಡಿದು ಓಡಿದೆ. ಯಂತ್ರ ನಿಂತಿರುತ್ತದೆ, ಮಗು ಎದ್ದಿರುತ್ತದೆ ಎಂದುಕೊಳ್ಳುತ್ತ ಓಣಿ ದಾಟಿದೆ. ಹಿತ್ತಲಿಗೆ ಬಂದರೆ ಅವ್ವ ಬಾವಿಯಿಂದ ನೀರು ಸೇದುತ್ತಿದ್ದಳು. ಒದ್ದೆ ಕೂದಲನ್ನು ಗಂಟು ಹಾಕಿಕೊಂಡು ವೈನಿ ಕೊಡ ಹೊರುತ್ತಿದ್ದಳು. ಇಬ್ಬರೂ ಜಗಳವಾಡುತ್ತಿದ್ದರು.

“ಅಷ್ಟು ತುಂಬಬ್ಯಾಡ್ರಿ, ಚೆಲ್ಲತೈತಿ.”

“ನಿಂಗ ಹೊರಾಕ ಬರೂದಿಲ್ಲ ಅನ್ನು.”

“ನಂಗ ಬರ್ತೈತಿ. ನಿಮ್ಮ ಹಗ್ಗ ಸವದೈತಿ, ಅದನ್ನ ನೋಡ್ರಿ ಮೊದಲ.”

ನನ್ನನ್ನು ನೋಡಿ ಅವ್ವ, “ಎಲ್ಲಿ ಹೋಗಿದ್ದೀ ಕೆಲಸ ಬಿಟ್ಟು? ತಲಿಯೆಲ್ಲಾ ತೊಯ್ಸಕೊಂಡು ಬಂದೀ,” ಎಂದಳು. ನಾನು ಹಗ್ಗಕ್ಕೆ ಕೈ ಹಾಕಿದೆ. ಅಷ್ಟರಲ್ಲಿ ಬಚ್ಚಲಿನಿಂದ, ಕೊಳವೆಯ ಸುತ್ತ ನಾವಿನ್ನೂ ಮುಚ್ಚದೆ ಬಿಟ್ಟಿದ್ದ ಸಂದಿನಿಂದ, ದಸ್ತಗೀರಣ್ಣನ ದನಿ ಬಂತು. “ಏ ತಂಗಿ! ಕೂಸು ಎದ್ದೈತಿ. ಚಳಿ ಅಂತೈತಿ. ಹೊದಿಸಾಕ ಏನರ ಕೊಡ್ರಿ.”

ಬಾವಿಯ ಕಟ್ಟೆಯ ಹತ್ತಿರ ಮೂವರೂ ನಿಂತುಬಿಟ್ಟೆವು. ಆ ಮನೆಯಲ್ಲಿ ಕೌದಿ ಎನ್ನುವುದೇ ಇರಲಿಲ್ಲ, ಆ ಮಗುವಿಗೆ ಯಾರೂ ಯಾವತ್ತೂ ಏನೂ ಹೊದಿಸಿರಲಿಲ್ಲ. ಅವ್ವ ಹಗ್ಗ ನನ್ನ ಕೈಗೆ ಬಿಟ್ಟು ಒಳಗೆ ಓಡಿದಳು. ಟ್ರಂಕಿನ ಮುಚ್ಚಳ ಬಿದ್ದ ಸದ್ದಾಯಿತು. ಕೌದಿಯನ್ನು ಎದೆಗವಚಿಕೊಂಡು ಹೊರಗೆ ಬಂದವಳು, ಓಣಿ ಬಳಸಿ ಹೋಗುವ ದಾರಿಯಲ್ಲಿ ವೈನಿಯನ್ನೂ ಹಿಂದೆ ಹಾಕಿ ನಡೆದುಬಿಟ್ಟಳು.